ಸರಾಸರಿ ಅಳತೆಯ ಅಂಗಿಗಳು

ಗಣಿತದಲ್ಲಿ ನನಗೆ ಅನುಮಾನವೆಂಬುದು ಎಂದೂ ಬಂದದ್ದಿಲ್ಲ. ಅನುಮಾನ ಬರಬೇಕಾದರೂ ಒಂದಿಷ್ಟು ಗಣಿತ ಗೊತ್ತಿರಬೇಕು ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಅದು ಬೇರೆ ಮಾತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಬಿ.ಎಸ್ಸಿ., ಬಿ.ಎಡ್. ಎಂಬ ಎರಡು ಕೊಂಬುಗಳನ್ನು ಮೂಡಿಸಿಕೊಂಡು, ರಾಯಚೂರಿನಿಂದ ದೇವದುರ್ಗದ ಒಂದು ಪ್ರೌಢಶಾಲೆಗೆ ಲೆಕ್ಕದ ಮಾಸ್ತರನಾಗಿ ಬಂದೆ. ಬಂದ ವರ್ಷವೇ ಹೊಸ ಪಠ್ಯಪುಸ್ತಕ ಬಂತು. ಅದರ ಕಟ್ಟಕಡೆಯಲ್ಲಿ ಸಂಖ್ಯಾಶಾಸ್ತ್ರ ಎಂಬ ಪಾಠವಿತ್ತು. ಹಳೆಯ ಮಾಸ್ತರರೆಲ್ಲ ಆ ಪಾಠ ಬರುವಷ್ಟರಲ್ಲಿ ಪರೀಕ್ಷೆಯೇ ಬರುವಂತೆ ನೋಡಿಕೊಳ್ಳುತ್ತಿದ್ದರು. ನಾನು ಹುರುಪಿನವನು. ಮೊದಲು ಅದನ್ನೇ ಎತ್ತಿಕೊಂಡೆ.

ಒಂಬತ್ತನೆಯ ತರಗತಿಯಲ್ಲಿ ಸರಾಸರಿಯನ್ನು ಬೋಧಿಸಿದ ದಿನ ನನಗೆ ನೆನಪಿದೆ. ಎಲ್ಲ ಸಂಖ್ಯೆಗಳನ್ನು ಕೂಡಿಸಬೇಕು, ಎಷ್ಟು ಮಂದಿ ಇದ್ದಾರೋ ಅಷ್ಟರಿಂದ ಭಾಗಿಸಬೇಕು, ಬಂದದ್ದು ಸರಾಸರಿ, ಅದು ಇಡೀ ಗುಂಪಿನ ಪ್ರತಿನಿಧಿ ಎಂದು ಮೇಜು ಕುಟ್ಟಿ ಹೇಳಿದೆ. ಮುಂದಿನ ಬೆಂಚಿನ ಹುಲಿಗೆಮ್ಮ ಎದ್ದು ನಿಂತಳು. ಅವಳು ಮಸರಕಲ್ಲಿನ ಕುರಿ ಸಾಕುವ ಮನೆತನದ ಹುಡುಗಿ. ದೇವದುರ್ಗದಲ್ಲಿ ದೊಡ್ಡವ್ವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಮಾತು ನಿಧಾನ, ಆದರೆ ಒಮ್ಮೆ ಶುರುವಾದರೆ ಎದುರಿನವನು ತಪ್ಪಿಸಿಕೊಳ್ಳುವುದು ಕಷ್ಟ.

"ಸರ, ನಮ್ಮ ಕಾಕಾಗ ಮೀಸಿ ಅದ, ಕಾಕಿಗಿಲ್ಲ. ಸರಾಸರಿ ತಗದ್ರ ಇಬ್ಬರಿಗೂ ಅರ್ಧರ್ಧ ಮೀಸಿ ಬರತದಲ್ರಿ. ಅಂಥೋರು ನಮ್ಮ ಮನ್ಯಾಗ ಯಾರೂ ಇಲ್ರಿ."

ತರಗತಿ ನಕ್ಕಿತು. ನಾನು ಗಂಭೀರನಾಗಿ, ಮೀಸೆ ಪಠ್ಯಕ್ರಮದಲ್ಲಿಲ್ಲ ಎಂದು ಹೇಳಿ ಅವಳನ್ನು ಕೂಡಿಸಿದೆ.

ಆ ವಾರವೇ ಶಾಲೆಗೆ ಒಂದು ಅದೃಷ್ಟ ಬಂತು. ರಾಯಚೂರಿನಲ್ಲಿ ಜಿಲ್ಲಾ ಮಟ್ಟದ ಕ್ರೀಡಾಕೂಟ ನಡೆಯುವುದಿತ್ತು. ಅದರ ಪಥಸಂಚಲನಕ್ಕೆ ಹೋಗುವ ನಮ್ಮ ತಂಡಕ್ಕೆಂದು ಅಕ್ಕಿ ಗಿರಣಿಯ ಸಾಹುಕಾರ ಶಿವಶರಣಪ್ಪನವರು ಬಿಳಿ ಬಟ್ಟೆಯ ಒಂದು ದೊಡ್ಡ ಥಾನು ಕಳಿಸಿಕೊಟ್ಟರು. ಅವರ ಊರು ನಮ್ಮ ತಾಲೂಕಿನದೇ. ಕ್ರೀಡಾಕೂಟದ ದಿನ ವೇದಿಕೆಯ ಮೇಲೆ ಅವರೇ ಮುಖ್ಯ ಅತಿಥಿ. ತಂಡವನ್ನು ನೋಡಿಕೊಳ್ಳಬೇಕಾಗಿದ್ದ ಡ್ರಿಲ್ ಮಾಸ್ತರರು ಅರಕೇರಾದಲ್ಲಿ ತಂಗಿಯ ಮದುವೆಯ ಚಪ್ಪರದ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಹೆಡ್‌ಮಾಸ್ತರ್ ಹನುಮಂತರಾಯರು ಸುತ್ತ ನೋಡಿದರು. ನಾನು ಕೈ ಎತ್ತಿದೆ.

ತಂಡದಲ್ಲಿ ಇಪ್ಪತ್ತು ಮಂದಿ. ಅರ್ಧ ಮಂದಿಯನ್ನು ಡ್ರಿಲ್ ಮಾಸ್ತರರು ಬೀಳುವ ಮೊದಲೇ ಆರಿಸಿದ್ದರು. ಅವರೆಲ್ಲ ಕಬಡ್ಡಿ ವೀರರು. ಶಾಲೆಯ ಮೇಲಿನ ಪ್ರೀತಿಯಿಂದ ಒಂದೊಂದು ತರಗತಿಯಲ್ಲಿ ಎರಡು ಮೂರು ವರ್ಷ ಉಳಿದು ಗಿಡದಂತೆ ಬೆಳೆದವರು. ಅವರ ನಾಯಕ ಬಸಲಿಂಗ, ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದ ಹೋಟೆಲಿನವರ ಮಗ. ಒಂಬತ್ತನೆಯ ತರಗತಿಯಲ್ಲಿ ನನಗಿಂತ ಎತ್ತರವಿದ್ದ ವಿದ್ಯಾರ್ಥಿ. ಉಳಿದರ್ಧವನ್ನು ನಾನು ಎಂಟನೆಯ ತರಗತಿಯಿಂದ ಆರಿಸಿದೆ. ಅವರು ಸಣ್ಣವರು, ಹೇಳಿದ ಮಾತು ಕೇಳುತ್ತಿದ್ದರು. ಆಯ್ಕೆಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆಂದು ನನಗೆ ಅನ್ನಿಸಲಿಲ್ಲ.

ಅಂಗಿ ಹೊಲಿಸುವ ಪ್ರಶ್ನೆ ಬಂತು. ಮದುವೆಗಳ ಕಾಲ, ದೇವದುರ್ಗದ ದರ್ಜಿಗಳು ತಲೆ ಎತ್ತುತ್ತಿರಲಿಲ್ಲ. ಗಿರಿಜಾಳ ತಮ್ಮ ಚನ್ನಬಸವನದು ಮಾನ್ವಿಯಲ್ಲಿ ಹೊಲಿಗೆ ಅಂಗಡಿ. ಅವನಿಗೂ ಪುರಸೊತ್ತಿರಲಿಲ್ಲ. ಒಬ್ಬೊಬ್ಬರ ಅಳತೆ ನೋಡಿ ಕತ್ತರಿಸುವಷ್ಟು ವೇಳೆ ಇಲ್ಲ ಎಂದು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ. ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು.

ಇಪ್ಪತ್ತೂ ಮಂದಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ, ಎದೆ, ತೋಳು ಎಲ್ಲವನ್ನೂ ನಾನೇ ಟೇಪು ಹಿಡಿದು ಅಳೆದೆ. ಕೂಡಿಸಿದೆ. ಭಾಗಿಸಿದೆ. ಅಚ್ಚುಕಟ್ಟಾದ ಒಂದೇ ಒಂದು ಅಳತೆ ಬಂತು. ಇಡೀ ತಂಡದ ಪ್ರತಿನಿಧಿ! ಬಟ್ಟೆಯ ಗಂಟನ್ನು ಬಸ್ಸಿಗೆ ಹೇರಿ ಮಾನ್ವಿಗೆ ಹೋಗಿ, ಅಳತೆಯ ಚೀಟಿಯನ್ನು ಚನ್ನಬಸವನ ಕೈಗಿಟ್ಟೆ.

ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮಾವ, ಎಲ್ಲಾ ಹುಡುಗ್ರದೂ ಇದೊಂದೇ ಅಳತಿ ಏನ್ರಿ?"

ಇದು ಸರಾಸರಿ, ಇದರಲ್ಲಿ ಎಲ್ಲರ ಅಳತೆಯೂ ಸೇರಿದೆ ಎಂದು ವಿವರಿಸಿದೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ಬಹಳ ಸಂತೋಷವಾಯಿತು. ಬಟ್ಟೆಯನ್ನು ಪದರ ಪದರವಾಗಿ ಮಡಿಚಿ ಒಂದೇ ಸಲ ಕತ್ತರಿ ಹೊಡೆದುಬಿಡಬಹುದಲ್ಲ! ಇಂಥ ಗಿರಾಕಿಯನ್ನು ತಾನು ಕಂಡೇ ಇಲ್ಲ ಎಂದ. ನಾನು ಅದನ್ನು ಮೆಚ್ಚುಗೆಯೆಂದೇ ತಿಳಿದೆ.

ಅಂಗಿಗಳು ಬಂದ ದಿನ ಶಾಲೆಯ ಅಂಗಳದಲ್ಲಿ ತಾಲೀಮು ಇಟ್ಟುಕೊಂಡೆವು. ಹನುಮಂತರಾಯರು ಕುರ್ಚಿ ಹಾಕಿಸಿಕೊಂಡು ಕೂತರು. ತಂಡ ಕೋಣೆಯಿಂದ ಹೊರಗೆ ಬಂತು. ಬಸಲಿಂಗನ ಅಂಗಿ ಹೊಕ್ಕುಳಿನ ಮೇಲೆಯೇ ನಿಂತಿತ್ತು. ಅವನು ಸೆಲ್ಯೂಟ್ ಹೊಡೆಯಲು ಕೈ ಎತ್ತಿದ ಕೂಡಲೇ ಮೇಲಿನ ಗುಂಡಿ ಹಾರಿ ಹೋಗಿ ಹೆಡ್‌ಮಾಸ್ತರರ ಕುರ್ಚಿಯ ಕೆಳಗೆ ಉರುಳಿತು. ಅವನ ಹಿಂದೆ ಎಂಟನೆಯ ತರಗತಿಯ ಈರಣ್ಣ ಬರುತ್ತಿದ್ದ. ಅಥವಾ ಅಂಗಿ ಬರುತ್ತಿತ್ತು, ಒಳಗೆ ಈರಣ್ಣನಿದ್ದಾನೆಂದು ಊಹಿಸಿಕೊಳ್ಳಬೇಕಾಗಿತ್ತು. ಮೊಣಕಾಲ ಕೆಳಗೆ ಇಳಿದಿದ್ದ ಅಂಗಿಯಲ್ಲಿ ಕಾಲು ಸಿಕ್ಕಿ ಅವನು ಬಿದ್ದ. ಅವನ ಮೇಲೆ ಇನ್ನಿಬ್ಬರು ಬಿದ್ದರು. ತೋಳಿನೊಳಗೆ ಕೈಗಳು ಕಳೆದುಹೋಗಿದ್ದರಿಂದ ಯಾರಿಗೂ ನೆಲಕ್ಕೆ ಕೈ ಊರಿ ಏಳುವುದಾಗಲಿಲ್ಲ.

ಹನುಮಂತರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾಸ್ತರ, ಇದು ಪರೇಡೋ, ಹಗಲುವೇಷಾನೋ?"

ಆಗಲಾದರೂ ಸುಮ್ಮನಿರಬಹುದಿತ್ತು. ನಾನು ಶಾಸ್ತ್ರಬದ್ಧವಾಗಿ ವಾದಕ್ಕೆ ನಿಂತೆ. ಬಸಲಿಂಗನಿಗೆ ಎಷ್ಟು ಬಟ್ಟೆ ಕಡಿಮೆಯಾಗಿದೆಯೋ ಅಷ್ಟೇ ಈರಣ್ಣನಿಗೆ ಹೆಚ್ಚಾಗಿದೆ, ಆದ್ದರಿಂದ ಒಟ್ಟಾರೆ ನೋಡಿದರೆ ಅಂಗಿಗಳು ತಂಡಕ್ಕೆ ಸರಿಯಾಗಿಯೇ ಕೂತಿವೆ ಎಂದೆ. ಹೆಡ್‌ಮಾಸ್ತರರು ತಣ್ಣಗೆ ಹೇಳಿದರು: ಸಾಹುಕಾರರು ಕೊಟ್ಟ ಬಟ್ಟೆ, ಸಾಹುಕಾರರ ಕಣ್ಣ ಮುಂದೆ ನಡೆಯಬೇಕು. ಮತ್ತೆ ಬಟ್ಟೆ ಸಿಗುವುದಿಲ್ಲ. ತಂಡ ಹೋಗದಿದ್ದರೆ ಶಾಲೆಯ ಮಾನ ಹೋಗುತ್ತದೆ, ಹೋದರೆ ಇನ್ನೂ ಹೆಚ್ಚು ಹೋಗುತ್ತದೆ. ಕ್ರೀಡಾಕೂಟಕ್ಕೆ ಒಂದು ವಾರವೂ ಉಳಿದಿಲ್ಲ. ಮೇಲಿನವರು ಕೇಳಿದರೆ ನಿಮ್ಮ ಹೆಸರನ್ನೇ ಹೇಳಬೇಕಾಗುತ್ತದೆ.

ಮನೆಗೆ ಬಂದಾಗ ಗಿರಿಜಾಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ದೇವದುರ್ಗದಲ್ಲಿ ಸುದ್ದಿಗೆ ಬಸ್ಸು ಬೇಕಾಗಿರಲಿಲ್ಲ.

"ನಮ್ಮ ತಮ್ಮಗ ಊರಾಗ ಏನಂತಾರ ಗೊತ್ತದೇನ್ರಿ? ಮಾನ್ವಿ ದರ್ಜಿ ಅಂಗಿ ಅಂತ ನಗಾಕತ್ತಾರ. ಅಳತಿ ಕೊಟ್ಟವ್ರು ಯಾರು ಅಂತ ಯಾರೂ ಕೇಳಂಗಿಲ್ಲ."

ಅವಳ ತಮ್ಮನ ಮಾನ ಉಳಿಸುವುದು ನನ್ನ ಕರ್ತವ್ಯವಾಯಿತು. ಬಿಸಿನೀರಿನಲ್ಲಿ ನೆನೆಸಿದರೆ ಹೊಸ ಬಟ್ಟೆ ಕುಗ್ಗುತ್ತದೆ ಎಂದು ಕೇಳಿದ್ದೆ. ಸಣ್ಣವರ ಅಂಗಿಗಳನ್ನು ಕುಗ್ಗಿಸಿಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತಲ್ಲ! ಒಂದು ಅಂಗಿಯನ್ನು ಹಂಡೆಯ ಕುದಿನೀರಿಗೆ ಹಾಕಿ, ಬಿಳುಪು ಹೆಚ್ಚಲಿ ಎಂದು ನೀಲಿಯನ್ನೂ ಸುರಿದೆ. ಅಂಗಿ ಕುಗ್ಗಿತು. ಆದರೆ ಅಗಲದಲ್ಲಿ ಮಾತ್ರ. ಉದ್ದ ಹಾಗೆಯೇ ಉಳಿಯಿತು. ಬಣ್ಣ ಮಳೆಗಾಲದ ಮೋಡದ್ದು. ರಾಯಚೂರು ಜಿಲ್ಲೆಯಲ್ಲಿ ಆ ಅಂಗಿಗೆ ಹೊಂದುವ ಮನುಷ್ಯ ಯಾರೂ ಇರಲಾರ, ಬೇಕಾದರೆ ಬಡಗಿಯ ಹತ್ತಿರ ಒಬ್ಬನನ್ನು ಮಾಡಿಸಿರಿ ಎಂದಳು ಗಿರಿಜಾ. ಉಳಿದ ಅಂಗಿಗಳನ್ನು ಬುಟ್ಟಿಯಲ್ಲಿಟ್ಟು ಅದರ ಮೇಲೆ ಅವಳೇ ಕೂತಳು.

ಮರುದಿನ ಒಂಬತ್ತನೆಯ ತರಗತಿಗೆ ಹೋದೆ. ಹುಡುಗರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಸಲಿಂಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಮಗ ರಾಯಚೂರಿನಲ್ಲಿ ತಂಡ ನಡೆಸುತ್ತಾನೆಂದು ಅವನ ತಂದೆ ಹೋಟೆಲಿಗೆ ಬಂದವರಿಗೆಲ್ಲ ಹೇಳಿಬಿಟ್ಟಿದ್ದರಂತೆ.

ಹುಲಿಗೆಮ್ಮ ಎದ್ದು, ಆ ಇಪ್ಪತ್ತು ಮಂದಿಯ ಎತ್ತರಗಳನ್ನು ಬೋರ್ಡಿನ ಮೇಲೆ ಬರೆಯಬಹುದೇ ಎಂದು ಕೇಳಿದಳು. ಬೇಡವೆನ್ನಲು ನನಗೆ ಮುಖವಿರಲಿಲ್ಲ. ನಾನು ಒಂದೊಂದೇ ಎತ್ತರವನ್ನು ಓದುತ್ತ ಹೋದೆ. ಅವಳು ಬೋರ್ಡಿನ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಗಿಡ್ಡರನ್ನು ಎಡಕ್ಕೆ, ಎತ್ತರದವರನ್ನು ಬಲಕ್ಕೆ, ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಇಟ್ಟಳು. ಮುಗಿದ ಮೇಲೆ ಹಿಂದೆ ಸರಿದು ನಿಂತಳು. ಎಡಕ್ಕೆ ಒಂದು ಗುಂಪು ಚುಕ್ಕೆಗಳು, ಬಲಕ್ಕೆ ಒಂದು ಗುಂಪು. ನಡುವೆ ಬರೀ ಬೋರ್ಡು.

"ಸರಾಸರಿ ಎಲ್ಲಿ ಬರತದ್ರಿ ಸರ?"

ನಾನು ಹೋಗಿ ಬೆರಳಿಟ್ಟು ತೋರಿಸಿದೆ. ಬೆರಳು ಬೋರ್ಡಿನ ಖಾಲಿ ಜಾಗದ ನಟ್ಟನಡುವೆ ಇತ್ತು.

"ಅಲ್ಲಿ ಯಾರೂ ಇಲ್ಲಲ್ರಿ," ಎಂದಳು ಹುಲಿಗೆಮ್ಮ. "ಇಲ್ಲದ ಹುಡುಗಗ ನೀವು ಇಪ್ಪತ್ತು ಅಂಗಿ ಹೊಲಿಸೀರಿ."

ನಾನು ಕೂಡಿಸಿದ್ದೆ, ಭಾಗಿಸಿದ್ದೆ, ಆದರೆ ಒಮ್ಮೆಯೂ ನೋಡಿರಲಿಲ್ಲ. ಪಾಠ ಹೇಳಿದವನು ನಾನು, ಪಾಠ ಕಂಡವಳು ಅವಳು. ತರಗತಿಯಲ್ಲಿ ಗುಸುಗುಸು ಶುರುವಾಯಿತು. ಗುಂಪೊಂದೇ ಆದರೆ ಸರಾಸರಿ ನಡುವೆ ಕೂರುತ್ತದೆ, ಎರಡು ಗುಂಪು ಕೂಡಿಸಿದರೆ ಬಯಲಲ್ಲಿ ಬೀಳುತ್ತದೆ ಎಂದು ಒಬ್ಬ ಹೇಳಿದ. ಹಾಗಾದರೆ ಮಾಸ್ತರರು ಆರಿಸಿದ್ದೇ ತಪ್ಪು, ಭಾಗಿಸಿದ್ದು ತಪ್ಪಲ್ಲ ಎಂದು ಇನ್ನೊಬ್ಬ ನನಗೆ ಸಮಾಧಾನ ಹೇಳಿದ. ಆಗ ಬಸಲಿಂಗ ತಲೆ ಎತ್ತಿದ.

"ಸರ, ನಮ್ಮ ಇಪ್ಪತ್ತು ಮಂದ್ಯಾಗ ಆ ಅಳತಿಯವ್ರು ಇಲ್ಲ, ಖರೆ. ಇಡೀ ಸಾಲ್ಯಾಗ ಇಲ್ಲಂತ ಯಾರು ಹೇಳ್ಯಾರ್ರಿ?"

ಅಂಗಿಯನ್ನು ತಂಡಕ್ಕೆ ಹೊಂದಿಸುವುದು ಬಿಟ್ಟು, ತಂಡವನ್ನೇ ಅಂಗಿಗೆ ಹೊಂದಿಸುವುದು! ಆ ಮಾತು ಆಡಿದ ಕೂಡಲೇ ಅದರ ಅರ್ಥವೇನೆಂದು ಅವನಿಗೇ ಹೊಳೆಯಿತು. ಮುಖ ಸ್ವಲ್ಪ ಕಪ್ಪಿಟ್ಟಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೆಡ್‌ಮಾಸ್ತರರ ಅಪ್ಪಣೆ ಪಡೆದು ಸಂಜೆ ಇಡೀ ಶಾಲೆಯನ್ನು ಅಂಗಳಕ್ಕೆ ಕರೆದೆವು. ಹುಡುಗರು ನೆಲದ ಮೇಲೆ ಸುಣ್ಣದ ಗೆರೆಗಳನ್ನು ಎಳೆದು ಪಟ್ಟಿಗಳನ್ನು ಮಾಡಿದರು. ಒಂದೊಂದು ಎತ್ತರಕ್ಕೆ ಒಂದೊಂದು ಪಟ್ಟಿ, ಗಿಡ್ಡರದು ಆ ತುದಿಗೆ, ಎತ್ತರದವರದು ಈ ತುದಿಗೆ. ಅಳೆದವರು ತಮ್ಮ ಪಟ್ಟಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿ ನಿಲ್ಲಬೇಕು. ಅಳೆಯುವ ಕೆಲಸ ಒಂಬತ್ತನೆಯ ತರಗತಿಯದು, ಅಧಿಕಾರ ಬಸಲಿಂಗನದು.

ಮೊದಲ ಕೆಲವೇ ನಿಮಿಷಗಳಲ್ಲಿ ಮೋಸಗಳು ಹೊರಬಿದ್ದವು. ಕೆಲವರು ತುದಿಗಾಲಲ್ಲಿ ನಿಂತರು. ಕೆಲವರು ಚಪ್ಪಲಿ ಬಿಡಲಿಲ್ಲ. ಒಬ್ಬನ ಎತ್ತರದಲ್ಲಿ ಎರಡು ಬೆರಳು ಬರೀ ಕ್ರಾಪೇ ಇತ್ತು. ಹುಲಿಗೆಮ್ಮ ನಿಯಮ ಮಾಡಿದಳು: ಬರಿಗಾಲು, ತಲೆಯ ಮೇಲೆ ಹಲಗೆ ಒತ್ತಿ ಹಿಡಿಯಬೇಕು, ಒಬ್ಬರನ್ನು ಇಬ್ಬರು ಬೇರೆಬೇರೆಯಾಗಿ ಅಳೆಯಬೇಕು, ಎರಡೂ ಹೊಂದದಿದ್ದರೆ ಮತ್ತೊಮ್ಮೆ. ನಾನೂ ಸಹಾಯಕ್ಕೆಂದು ನನ್ನ ಟೇಪು ಹಿಡಿದು ನಿಂತೆ. ನಾನು ಅಳೆದದ್ದು ಯಾರ ಅಳತೆಗೂ ಹೊಂದಲಿಲ್ಲ. ಮೂರನೆಯ ಸಲ ಬಸಲಿಂಗ ನನ್ನ ಟೇಪನ್ನು ಇಸಿದುಕೊಂಡು ತುದಿ ನೋಡಿದ. ಮೊದಲ ಇಂಚು ಹರಿದುಹೋಗಿತ್ತು. ನಾನು ಅಳೆದವರೆಲ್ಲ ಲೆಕ್ಕದಲ್ಲಿ ಒಂದೊಂದು ಇಂಚು ಬೆಳೆದಿದ್ದರು. ಅಂದರೆ ನನ್ನ ಸರಾಸರಿ ಸರಾಸರಿಯೂ ಆಗಿರಲಿಲ್ಲ. ಅವನು ಟೇಪನ್ನು ಬಹಳ ಮರ್ಯಾದೆಯಿಂದ ತನ್ನ ಕಿಸೆಯಲ್ಲಿಟ್ಟುಕೊಂಡು, ನೀವು ಸ್ವಲ್ಪ ನೆರಳಿಗೆ ಕೂಡ್ರಿ ಸರ ಎಂದ.

ಕಡೆಗೆ ಎಲ್ಲರೂ ನಿಂತಾಗ ಹನುಮಂತರಾಯರು ಮಾಳಿಗೆ ಹತ್ತಿ ಕೆಳಗೆ ನೋಡಿದರು. ನನ್ನನ್ನೂ ಕರೆದರು. ಎರಡೂ ತುದಿಗೆ ಬೆರಳೆಣಿಕೆಯ ಮಂದಿ. ಒಳಗೆ ಬಂದಂತೆ ಸಾಲುಗಳು ಉದ್ದವಾಗುತ್ತ, ನಡುವೆ ಉಬ್ಬಿ, ಮತ್ತೆ ಇಳಿಯುತ್ತಿದ್ದವು. ಕಣದಲ್ಲಿ ಜೋಳದ ರಾಶಿ ಹಾಕಿದಂತಿತ್ತು. ಪುಸ್ತಕದಲ್ಲಿ ಗಂಟೆಯಾಕಾರದ ಆ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೆ. ಅದಕ್ಕೆ ತಲೆ, ಕೈ, ಕಾಲು ಇರುತ್ತದೆಂದು ಅಂದು ಗೊತ್ತಾಯಿತು. ಹನುಮಂತರಾಯರು ನನ್ನ ಭುಜದ ಮೇಲೆ ಕೈ ಇಟ್ಟರು, ಅಷ್ಟೇ.

ನಡುವಿನ ಉಬ್ಬಿದ ಸಾಲುಗಳಲ್ಲಿದ್ದವರು ಯಾರು? ಯಾವ ಆಟಕ್ಕೂ, ಯಾವ ನಾಟಕಕ್ಕೂ ಯಾರೂ ಕರೆಯದವರು. ಎತ್ತರವಿಲ್ಲವೆಂದು ಕಬಡ್ಡಿಗಿಲ್ಲ, ಗಿಡ್ಡರಲ್ಲವೆಂದು ಫೋಟೋದ ಮುಂದಿನ ಸಾಲಿಗಿಲ್ಲ. ಅವರಿಗೆ ಅಂಗಿ ತೊಡಿಸಿ ನೋಡಿದೆವು. ಹೊಲಿದಿಟ್ಟಂತೆ ಕೂತವು. ಹರಿದ ಟೇಪಿನ ಲೆಕ್ಕ ಹಿಡಿದು ಒಂದು ಪಟ್ಟಿ ಎತ್ತರದವರ ಕಡೆಗೆ ಸರಿದರೆ ಇನ್ನೂ ಚೆನ್ನಾಗಿ ಕೂತವು. ತಮಗೇಕೆ ಈ ಮರ್ಯಾದೆ ಎಂದು ತಿಳಿಯದೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈರಣ್ಣ ಮತ್ತು ಅವನ ಗೆಳೆಯರು ಬಿಸಿಲಲ್ಲಿ ನಡೆಯುವುದು ತಪ್ಪಿತೆಂದು ಕುಣಿಯುತ್ತ ಮನೆಗೆ ಹೋದರು.

ನಡುವಿನ ಸಾಲಿನಲ್ಲಿ ಹುಲಿಗೆಮ್ಮನೂ, ಇನ್ನೂ ಕೆಲವು ಹುಡುಗಿಯರೂ ಇದ್ದರು. ಹನುಮಂತರಾಯರು ಅಲ್ಲಿ ಬಂದು ತಡೆದರು. ಹೆಣ್ಣುಮಕ್ಕಳು ಪರೇಡಿಗೆ ಹೋದದ್ದು ಈ ಶಾಲೆಯಲ್ಲಿ ಇಲ್ಲ, ಮನೆಯವರು ಒಪ್ಪಬೇಕಲ್ಲ ಎಂದರು. ಹುಲಿಗೆಮ್ಮ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೇಳಿದಳು.

"ಅಂಗಿ ಒಪ್ಪೇತ್ರಿ ಸರ. ನಮ್ಮ ದೊಡ್ಡವ್ವನ್ನ ನಾ ಒಪ್ಪಸ್ತೀನ್ರಿ."

ದೊಡ್ಡವ್ವ ಒಪ್ಪಿದಳು, ತಾನೂ ರಾಯಚೂರಿಗೆ ಬರುತ್ತೇನೆಂಬ ಷರತ್ತಿನ ಮೇಲೆ. ಉಳಿದ ಹುಡುಗಿಯರ ಮನೆಯವರು ದೊಡ್ಡವ್ವ ಹೋಗುತ್ತಾಳೆಂದರೆ ತಮ್ಮದೂ ಅಡ್ಡಿಯಿಲ್ಲ ಎಂದರು.

ಅಂಗಿಗಳನ್ನು ಹಂಚುವಾಗ ಬಸಲಿಂಗ ತನ್ನ ಅಂಗಿಯನ್ನು ನೀಟಾಗಿ ಮಡಿಚಿ, ಉದುರಿದ ಗುಂಡಿಯನ್ನೂ ಅದರ ಮೇಲಿಟ್ಟು ನಡುವಿನ ಸಾಲಿನ ಒಬ್ಬನಿಗೆ ಕೊಟ್ಟ. ಎಷ್ಟೋ ದಿನ ತಾಲೀಮು ಮಾಡಿದ ಹುಡುಗ. ತಾನೇ ಹೇಳಿದ ಉಪಾಯಕ್ಕೆ ತಾನೇ ಹೊರಗಾಗಿದ್ದ. ಅವನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ತಿಳಿದದ್ದು ಹುಲಿಗೆಮ್ಮನಿಗೆ. ನಾನು ನೀಲಿಯಲ್ಲಿ ಮುಳುಗಿಸಿದ ಅಂಗಿಯಿಂದಾಗಿ ಹೇಗೂ ಒಂದು ಅಂಗಿ ಕಡಿಮೆ ಬಿದ್ದಿದೆಯಲ್ಲ ಎಂದಳು. ಬಾವುಟ ಹಿಡಿಯುವವನು ಸಾಲಿನೊಳಗೆ ಇರುವುದಿಲ್ಲ, ಮುಂದೆ ಒಬ್ಬನೇ ಇರುತ್ತಾನೆ, ಅವನಿಗೆ ಸಾಲಿನ ಅಂಗಿಯೇ ಬೇಕೆಂದಿಲ್ಲ, ಅವನು ಎಲ್ಲರಿಗಿಂತ ಎತ್ತರವಿದ್ದಷ್ಟೂ ಒಳ್ಳೆಯದು. ಬಸಲಿಂಗ ನೆಲ ನೋಡುತ್ತ ನಕ್ಕ. ಉಳಿದ ದಿನಗಳಲ್ಲಿ ಸಾಲಿನವರಿಗೆ ಹೆಜ್ಜೆ ಕಲಿಸಿದವನೂ ಅವನೇ. ಅವನ ತಂದೆ ತಮ್ಮ ಮದುವೆಯ ರೇಷ್ಮೆ ಜುಬ್ಬಾವನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿಸಿಕೊಟ್ಟರು. ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಚಹಾ ಪುಕ್ಕಟೆ ಎಂದು ಕೇಳಿದೆ. ನಾನು ಹೋಗುವಷ್ಟರಲ್ಲಿ ಹಾಲು ಮುಗಿದಿತ್ತು.

ರಾಯಚೂರಿನ ಮೈದಾನದಲ್ಲಿ ಬೆಳಿಗ್ಗೆಯೇ ಬಿಸಿಲು ಏರಿತ್ತು. ವೇದಿಕೆಯ ಮೇಲೆ ಸಾಹುಕಾರ ಶಿವಶರಣಪ್ಪನವರು ವಿಭೂತಿ ಧರಿಸಿ, ರುಮಾಲು ಸುತ್ತಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು. ಒಂದೊಂದೇ ಶಾಲೆಯ ತಂಡ ಬಂತು. ದೊಡ್ಡ ಶಾಲೆಗಳು, ಬೂಟು ತೊಟ್ಟ ಹುಡುಗರು. ಆದರೆ ಎಲ್ಲ ತಂಡಗಳಲ್ಲೂ ಮುಂದೆ ಎತ್ತರದವರು, ಹಿಂದೆ ಗಿಡ್ಡರು, ಮಾಳಿಗೆಯ ಮೆಟ್ಟಿಲು ಇಳಿದಂತೆ. ದೊಡ್ಡವರು ದೊಡ್ಡ ಹೆಜ್ಜೆ ಹಾಕಿದರೆ ಸಣ್ಣವರು ಹಿಂದೆ ಓಡುತ್ತಿದ್ದರು.

ಆಮೇಲೆ ದೇವದುರ್ಗ ಬಂತು. ಮುಂದೆ ರೇಷ್ಮೆ ಜುಬ್ಬಾದ ಬಸಲಿಂಗ, ಕೈಯಲ್ಲಿ ಬಾವುಟ. ಅವನ ಹಿಂದೆ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳಂತೆ ನಮ್ಮ ನಡುವಿನವರು. ತಲೆಗಳ ಮೇಲೆ ಒಂದು ಹಲಗೆ ಇಟ್ಟರೆ ಅಲುಗಾಡದೆ ನಿಲ್ಲುವಂತಿತ್ತು. ಎಲ್ಲರ ಕಾಲೂ ಒಂದೇ ಉದ್ದ, ಆದ್ದರಿಂದ ಹೆಜ್ಜೆಯೂ ಒಂದೇ. ನೀಲಿ ಚಡ್ಡಿಯ ಹುಡುಗರ ನಡುವೆ ನೀಲಿ ಲಂಗದ ಹುಡುಗಿಯರು, ತೋಳುಗಳು ಒಂದೇ ಎತ್ತರಕ್ಕೆ ಏಳುತ್ತಿದ್ದವು, ಇಳಿಯುತ್ತಿದ್ದವು. ಮೈದಾನದ ತುಂಬ ಚಪ್ಪಾಳೆ. ಹುಲಿಗೆಮ್ಮನ ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೋಡಲು ಬಂದಿದ್ದ ಗಿರಿಜಾ ಪಕ್ಕದಲ್ಲಿದ್ದ ತನ್ನ ತಮ್ಮನ ಬೆನ್ನಿಗೆ ಗುದ್ದಿ ನೋಡು ನೋಡು ಎಂದಳು. ಚನ್ನಬಸವ ಅಕ್ಕಪಕ್ಕದವರಿಗೆಲ್ಲ ಅಂಗಿ ಹೊಲಿದವನು ತಾನೇ ಎಂದು ಹೇಳಿಕೊಳ್ಳುತ್ತಿದ್ದ. ಹಿಂದಿನ ವಾರ ಅದೇ ಮಾತನ್ನು ಅವನು ಊರೆಲ್ಲ ಅಲ್ಲಗಳೆದಿದ್ದ.

ಮೊದಲ ಬಹುಮಾನದ ಫಲಕ ನಮಗೇ ಬಂತು. ಹನುಮಂತರಾಯರು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ಒಬ್ಬರೇ ಸ್ವಲ್ಪ ದೂರ ಪಥಸಂಚಲನ ಮಾಡಿಬಿಟ್ಟರು. ಸಾಹುಕಾರರು ಹುಡುಗರನ್ನು ಹತ್ತಿರ ಕರೆದು, ಇಷ್ಟು ಮಂದಿ ಒಂದೇ ಅಳತೆಯ ಮಕ್ಕಳನ್ನು ಎಲ್ಲಿಂದ ತಂದಿರಿ ಎಂದು ಕೇಳಿದರು. ನಾನು ಮುಂದೆ ಬಂದು ಗಂಟಲು ಸರಿಮಾಡಿಕೊಂಡೆ. ಇದೆಲ್ಲ ಸಂಖ್ಯಾಶಾಸ್ತ್ರದ ಮಹಿಮೆ, ನಾನು ಮೊದಲೇ ಸರಾಸರಿ ತೆಗೆದು ಅಂಗಿ ಹೊಲಿಸಿದ್ದೆ ಎಂದು ಗಂಭೀರವಾಗಿ ಆರಂಭಿಸಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಮಾತ್ರ ನನ್ನನ್ನು ಬಿಟ್ಟು ಹುಲಿಗೆಮ್ಮನ ಕಡೆ ತಿರುಗಿ, ನಿಮ್ಮ ಮಾಸ್ತರರು ಇದನ್ನು ಹೇಗೆ ಕಲಿಸಿದರಮ್ಮ ಎಂದರು.

ಅವಳು ಯೋಚಿಸಿದಳು. ಗುರುವಿಗೆ ಅವಮಾನವಾಗಬಾರದು, ಸುಳ್ಳನ್ನೂ ಹೇಳಬಾರದು ಎಂದು ಅವಳ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ನಮ್ಮ ಸರ ಮೊದಲ ತಾವು ತಪ್ಪು ಮಾಡಿ ತೋರಸ್ತಾರ್ರಿ. ಆಮ್ಯಾಲ ಅದು ಯಾಕ ತಪ್ಪಾತು ಅಂತ ನಾವು ಹುಡುಕ್ತೀವ್ರಿ."

ಬಸಲಿಂಗ ಗಟ್ಟಿಯಾಗಿ ತಲೆಯಾಡಿಸಿದ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಬಹಳ ಸಂತೋಷವಾಯಿತು. ಇಂಥ ಹೊಸ ಬೋಧನಾ ಕ್ರಮವನ್ನು ತಾವು ಜಿಲ್ಲೆಯಲ್ಲೇ ಕಂಡಿಲ್ಲ, ಮಾಸ್ತರರು ತಮ್ಮ ಅಹಂಕಾರ ಬದಿಗಿಟ್ಟು ಮಕ್ಕಳಿಗಾಗಿ ಬೇಕೆಂದೇ ತಪ್ಪು ಮಾಡುವುದು ಸಣ್ಣ ಮಾತಲ್ಲ ಎಂದು ವೇದಿಕೆಯ ಮೇಲೆಯೇ ಸಾರಿದರು. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

ಮುಂದಿನ ತಿಂಗಳೇ ನನಗೆ ಆದೇಶ ಬಂತು. ಮಾನ್ವಿಯಲ್ಲೂ ರಾಯಚೂರಿನಲ್ಲೂ ಗಣಿತದ ಮಾಸ್ತರರ ಸಭೆಗಳಿಗೆ ಹೋಗಿ, ಎಲ್ಲರ ಎದುರಿಗೆ ತಪ್ಪು ಮಾಡಿ ತೋರಿಸಬೇಕು. ಎಂಬತ್ತರ ದಶಕವೆಲ್ಲ ನಾನು ಆ ಕೆಲಸದ ಮೇಲೆ ಊರೂರು ತಿರುಗಿದೆ. ಜೊತೆಗೆ ಬರುತ್ತಿದ್ದ ಬೇರೆ ಮಾಸ್ತರರು ಬಸ್ಸಿನಲ್ಲಿ ಕೂತು ತಮ್ಮ ತಮ್ಮ ಭಾಷಣಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಾನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದೆ. ನನ್ನ ವಿಷಯಕ್ಕೆ ಪೂರ್ವತಯಾರಿ ಎಂದೂ ಬೇಕಾಗಲಿಲ್ಲ.